ಯುದ್ಧ ಕಂಡ ಅಪ್ಪ-ಅಮ್ಮ ಮನೆಯಲ್ಲಿದ್ದರೆ: ಮನೆಯವರು ಎಲ್ಲಿಂದ ಶುರು ಮಾಡಬೇಕು?

"ಅಪ್ಪ ಯುದ್ಧದ ವಿಷಯ ಬಾಯೇ ಬಿಡಲ್ಲ, ಮಾತಾಡಿಸೋದು ಹೇಗೆ?" ಈ ಪ್ರಶ್ನೆ ಪದೇ ಪದೇ ಬರುತ್ತಲೇ ಇದೆ. ಕೆಲವರಿಗೆ ಅಪ್ಪನ ಜಾಗದಲ್ಲಿ ಅಮ್ಮ. ಕೇಳುವವರಲ್ಲಿ ಸೈನಿಕರ ಮಕ್ಕಳೂ ಇದ್ದಾರೆ, ಬಾಂಬು ಬಿದ್ದ ಊರು ಬಿಟ್ಟು ಓಡಿಬಂದವರ ಮಕ್ಕಳೂ ಇದ್ದಾರೆ. ಮನೆಯೊಳಗೆ ನಡೆಯುವುದು ಬಹುಪಾಲು ಒಂದೇ ಥರ ಇರುವುದರಿಂದ ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ. ಅವರು ಅಲ್ಲಿ ಏನು ನೋಡಿದರು, ಏನು ಮಾಡಿದರು ಅನ್ನುವುದು ನಿಮಗೆ ಯಾವತ್ತೂ ಪೂರ್ತಿ ಗೊತ್ತಾಗದೇ ಇರಬಹುದು. ಆದರೆ ಅದರಿಂದಾಗಿ ನಿಮ್ಮ ಮನೆಯ ದಿನಚರಿ ಹೇಗೆ ಬದಲಾಗಿದೆ ಅನ್ನುವುದು ನಿಮ್ಮ ಕಣ್ಣೆದುರೇ ಇದೆ. ಯಾರೂ ಜೋರಾಗಿ ನಗುವುದಿಲ್ಲ, ಬಾಗಿಲು ಬಡಿಯದ ಹಾಗೆ ಎಲ್ಲರೂ ಮೆತ್ತಗೆ ಓಡಾಡುತ್ತಾರೆ, ಮನೆಗೆ ಜನ ಬರುವುದು ನಿಂತಿದೆ. ಇದರ ಬಗ್ಗೆ ಏನಾದರೂ ಮಾಡುವುದು ನಿಮ್ಮ ಕೈಯಲ್ಲಿದೆ. ಅವರ ಕಥೆ ನಿಮ್ಮ ಕೈಯಲ್ಲಿಲ್ಲ.

ಶುರು ಮಾಡುವ ಮೊದಲು ಬೇಕಾದ್ದು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್ಕು. ಮನೆಯೊಳಗಿನವರೋ ಹತ್ತಿರದ ನೆಂಟರೋ, ನಿಮ್ಮ ಜೊತೆ ನಿಲ್ಲುವ ಒಬ್ಬರು. ನಿಮ್ಮ ಪ್ರದೇಶದ ತುರ್ತು ಸಹಾಯದ ನಂಬರು ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು. ಇವನ್ನು ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಆಮೇಲೆ ಬೇಕಾದ್ದು ತಿಂಗಳುಗಟ್ಟಲೆ ತಾಳ್ಮೆ.

ಒಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ, ಕೈಗೆ ಸಿಗುವ ಕಡೆ ಆಯುಧ ಇದ್ದರೆ, ಅಥವಾ "ನಾನು ಇದ್ದು ಏನು ಪ್ರಯೋಜನ" ಅನ್ನುವಂಥ ಮಾತು ಬರುತ್ತಿದ್ದರೆ ನೇರ 7ನೇ ಹಂತಕ್ಕೆ ಹೋಗಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

1. ಇದು ಸ್ವಭಾವವಾ, ಕಾಯಿಲೆಯಾ? ಸ್ವಲ್ಪ ತಿಳಿದುಕೊಳ್ಳಿ

"ಅವರು ಮೊದಲಿಂದಲೂ ಹಾಗೇ" ಅಂತ ಮನೆಯವರು ಹೇಳುವುದು ಸಾಮಾನ್ಯ. ಯುದ್ಧಕ್ಕೆ ಮುಂಚೆ ಅವರನ್ನು ಬಲ್ಲವರನ್ನು, ಅಂದರೆ ಅತ್ತೆ, ದೊಡ್ಡಪ್ಪ, ಹಳೆಯ ಸ್ನೇಹಿತರನ್ನು ಒಮ್ಮೆ ವಿಚಾರಿಸಿ ನೋಡಿ. ಬೇರೆಯೇ ಮನುಷ್ಯನ ಚಿತ್ರ ಸಿಕ್ಕರೂ ಸಿಗಬಹುದು.

ಪಿ.ಟಿ.ಎಸ್.ಡಿ. ಅನ್ನುವ ಹೆಸರು ಕೇಳಿರುತ್ತೀರಿ. ಜೀವಕ್ಕೇ ಕುತ್ತು ಬರುವಂಥ ಘಟನೆ ಮುಗಿದ ಮೇಲೂ ಮನಸ್ಸು ಮತ್ತು ದೇಹ ಆ ಅಪಾಯದಲ್ಲೇ ಸಿಕ್ಕಿಕೊಂಡಿರುವ ಸ್ಥಿತಿ ಅದು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಇದನ್ನು 'ಶೆಲ್ ಶಾಕ್' ಅನ್ನುತ್ತಿದ್ದರು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ಈ ಹೆಸರನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಪಿ.ಟಿ.ಎಸ್.ಡಿ. ಅನ್ನುವುದು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅಂದರೆ ಅದಕ್ಕೂ ಮುಂಚಿನ ಯುದ್ಧಗಳಿಂದ ವಾಪಸ್ ಬಂದವರಿಗೆ ತಮಗೆ ಏನಾಗಿದೆ ಅಂತ ಹೇಳಿಕೊಳ್ಳಲು ಈ ಹೆಸರು ಇರಲಿಲ್ಲ. ಹೇಡಿ ಅನ್ನಿಸಿಕೊಂಡವರೂ ಇದ್ದರು.

ಲಕ್ಷಣಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಒಂದು, ಬೇಡವೆಂದರೂ ನುಗ್ಗುವ ನೆನಪು: ಕೆಟ್ಟ ಕನಸು, ಫ್ಲ್ಯಾಶ್‌ಬ್ಯಾಕ್ (ಹಳೆಯದು ಈಗಲೇ ನಡೆಯುತ್ತಿದೆ ಅನ್ನಿಸುವುದು). ಎರಡು, ತಪ್ಪಿಸಿಕೊಳ್ಳುವುದು: ಸುದ್ದಿ ನೋಡಲ್ಲ, ಗುಂಪಿಗೆ ಹೋಗಲ್ಲ, ಆ ವಿಷಯ ಎತ್ತಿದರೆ ಎದ್ದು ಹೋಗುವುದು. ಮೂರು, ಮನಸ್ಸು ಮರಗಟ್ಟುವುದು: ಖುಷಿ, ಪ್ರೀತಿ ಯಾವುದೂ ತಟ್ಟದೇ ಇರುವುದು, ಎಲ್ಲದಕ್ಕೂ ತಾನೇ ಕಾರಣ ಅನ್ನಿಸುವುದು. ನಾಲ್ಕು, ಸದಾ ಕಟ್ಟೆಚ್ಚರ: ಬೆಚ್ಚಿ ಬೀಳುವುದು, ನಿದ್ದೆಯಿಲ್ಲ, ಥಟ್ಟನೆ ಸಿಟ್ಟು. ಇವು ಒಂದು ತಿಂಗಳಿಗಿಂತ ಹೆಚ್ಚು ಇದ್ದು, ಬದುಕಿಗೆ ಅಡ್ಡ ಬರುತ್ತಿದ್ದರೆ ವೈದ್ಯರು ಈ ಕಾಯಿಲೆಯ ದಿಕ್ಕಿನಲ್ಲಿ ಯೋಚಿಸುತ್ತಾರೆ. ಲಕ್ಷಣಗಳು ಎಷ್ಟೋ ವರ್ಷ ತಡವಾಗಿ ಜೋರಾಗುವುದೂ ಇದೆ. ಕೆಲಸದಿಂದ ನಿವೃತ್ತಿ ಆದಾಗ, ಸಂಗಾತಿ ತೀರಿಕೊಂಡಾಗ, ಇನ್ನೆಲ್ಲೋ ಹೊಸ ಯುದ್ಧದ ಸುದ್ದಿ ಬಂದಾಗ. "ಇಷ್ಟು ವರ್ಷ ಚೆನ್ನಾಗಿದ್ದರಲ್ಲ, ಈಗೇನು ನಾಟಕ" ಅನ್ನಬೇಡಿ.

ಸೈನಿಕರಲ್ಲಿ ಇನ್ನೊಂದು ವಿಷಯ ಇರುತ್ತದೆ. ತಜ್ಞರು ಇದನ್ನು ನೈತಿಕ ಗಾಯ ಅನ್ನುತ್ತಾರೆ. ಹೆದರಿಕೆಗಿಂತ ಹೆಚ್ಚಾಗಿ, ತಾನು ಮಾಡಿದ್ದಕ್ಕೋ ತಡೆಯಲಾಗದೇ ಹೋದದ್ದಕ್ಕೋ ಒಳಗೇ ಕೊರೆಯುವ ಅಪರಾಧ ಭಾವ. ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ ಇದರ ಬಗ್ಗೆ ಬರೆದು ಗಮನ ಸೆಳೆದರು. ಇಂಥವರಿಗೆ "ನೀವು ಹೀರೋ ಅಪ್ಪಾ" ಅಂದರೆ ಒಮ್ಮೊಮ್ಮೆ ಗಾಯಕ್ಕೆ ಉಪ್ಪು ಸವರಿದಂತೆ ಆಗುತ್ತದೆ.

ಎಡವುವ ಜಾಗ: ಇಂಟರ್ನೆಟ್ಟಿನ ಪಟ್ಟಿ ನೋಡಿ ನೀವೇ ಕಾಯಿಲೆ ನಿರ್ಧಾರ ಮಾಡಿ, ಜಗಳದ ಮಧ್ಯೆ "ನಿಮಗೆ ಪಿ.ಟಿ.ಎಸ್.ಡಿ. ಇದೆ" ಅಂತ ಎಸೆಯುವುದು. ಅಲ್ಲಿಗೆ ಆ ಪದ ಆ ಮನೆಯಲ್ಲಿ ಬೈಗುಳ ಆಗಿಬಿಡುತ್ತದೆ.

2. ಮನೆಯವರು ಮಾಡಿಕೊಂಡ ಹೊಂದಾಣಿಕೆಗಳನ್ನು ಬರೆಯಿರಿ

ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಎರಡು ವಾರ ಸುಮ್ನೆ ಗಮನಿಸಿ. ಅವರನ್ನು ಗಮನಿಸುವುದಲ್ಲ, ಮನೆಯ ಉಳಿದವರನ್ನು, ನಿಮ್ಮನ್ನೂ ಸೇರಿಸಿ. ಅವರು ಸಿಟ್ಟಾಗದಿರಲಿ, ಬೆಚ್ಚದಿರಲಿ, ಬೇಸರವಾಗದಿರಲಿ ಅಂತ ಯಾರು ಏನೇನು ಮಾಡುತ್ತಿದ್ದೀರಿ?

ಸಾಮಾನ್ಯವಾಗಿ ಸಿಗುವುದು ಇಂಥವು. ಅವರು ಮನೆಗೆ ಬರುವ ಸದ್ದು ಕೇಳಿದ ಕೂಡಲೇ ಮಕ್ಕಳು ಆಟ ನಿಲ್ಲಿಸುತ್ತಾರೆ. ಅಪ್ಪನ ಮುಖ ನೋಡಿ ಅಮ್ಮ ಮೊದಲೇ ಸನ್ನೆ ಮಾಡುತ್ತಾರೆ. ಕಡಿಮೆ ಮಾರ್ಕ್ಸ್ ಬಂದದ್ದನ್ನು, ಕೆಲಸ ಹೋದದ್ದನ್ನು ಮುಚ್ಚಿಡಲಾಗುತ್ತದೆ. ದೊಡ್ಡ ಮಗಳು ತನ್ನ ಮದುವೆ, ಓದು ಎಲ್ಲವನ್ನೂ ಮುಂದಕ್ಕೆ ಹಾಕಿ ಮನೆಯಲ್ಲಿ ಶಾಂತಿ ಕಾಯುವ ಕೆಲಸಕ್ಕೆ ನಿಂತಿದ್ದಾಳೆ. ಕರ್ಟನ್ ಸದಾ ಎಳೆದಿರುತ್ತದೆ. ಹೊರಗೆ ಹೋದ ಮಕ್ಕಳು ಗಂಟೆಗೊಮ್ಮೆ ಫೋನ್ ಮಾಡಲೇಬೇಕು, ಒಂದು ಸಲ ತಪ್ಪಿದರೆ ಮನೆಯಲ್ಲಿ ಗಲಾಟೆ. ಯುದ್ಧದಲ್ಲಿ ಹಸಿವು ಕಂಡ ತಾಯಿಯಾದರೆ ಸಾಮಾನು ಕೂಡಿಡುವುದು, ಬಿಸಾಡಲು ಬಿಡದಿರುವುದು. ದಾಖಲೆ ಪತ್ರಗಳ ಚೀಲ ಸದಾ ಬಾಗಿಲ ಬಳಿಯೇ.

ಬರೆಯುವಾಗ ಪ್ರತಿಯೊಂದರ ಮುಂದೆ ಮೂರು ವಿಷಯ ಹಾಕಿ: ಅದರ ಬೆಲೆ ಯಾರು ತೆರುತ್ತಿದ್ದಾರೆ, ಅದು ನಿಜಕ್ಕೂ ಅವರಿಗೆ ಸಹಾಯ ಮಾಡುತ್ತಿದೆಯಾ, ಅದನ್ನು ಮಾಡಿ ಅಂತ ಅವರು ಕೇಳಿದ್ದರಾ. ಮೂರನೆಯದರ ಉತ್ತರ ಬಹಳ ಸಲ "ಇಲ್ಲ" ಅಂತಲೇ ಇರುತ್ತದೆ. ಯಾವತ್ತೋ ಒಂದು ಸಲ ಅವರು ಕೂಗಾಡಿದ್ದಕ್ಕೆ ಹುಟ್ಟಿದ ನಿಯಮ, ಇಪ್ಪತ್ತು ವರ್ಷ ಆದರೂ ಯಾರೂ ಪ್ರಶ್ನೆ ಮಾಡದೆ ನಡೆದುಕೊಂಡು ಬಂದಿರುತ್ತದೆ.

ಇಲ್ಲೊಂದು ವಿಷಯ ತಿಳಿದಿರಲಿ. ಮನೆ ಹಾಳಾಗುವುದು ಸಿಟ್ಟಿನಿಂದ ಅಂತ ನಾವು ಅಂದುಕೊಳ್ಳುತ್ತೇವೆ. ವಿಯೆಟ್ನಾಂ ಯುದ್ಧದಿಂದ ಬಂದ ಅಪ್ಪಂದಿರ ಮೇಲೆ ನಡೆದ ಅಧ್ಯಯನಗಳಲ್ಲಿ ಮಕ್ಕಳ ಜೊತೆಗಿನ ಸಂಬಂಧ ಕೆಡುವುದಕ್ಕೂ ಅಪ್ಪನ ಭಾವನೆಗಳು ಮರಗಟ್ಟಿರುವುದಕ್ಕೂ ಗಟ್ಟಿ ನಂಟು ಕಂಡಿತು. ಅಂದರೆ ಕೂಗಾಡುವ ಅಪ್ಪನಷ್ಟೇ, ಮಗು ಓಡಿ ಬಂದು ಏನೋ ತೋರಿಸಿದಾಗ ಮುಖದಲ್ಲಿ ಏನೂ ಬದಲಾಗದ ಅಪ್ಪನ ಬಗ್ಗೆಯೂ ಯೋಚಿಸಬೇಕು. ಇಂಥ ಮನೆಯಲ್ಲಿ ಗಲಾಟೆಯೇ ಇರುವುದಿಲ್ಲವಾದ್ದರಿಂದ ಹೊರಗಿನವರಿಗೆ "ಎಷ್ಟು ಶಾಂತ ಮನೆ" ಅನ್ನಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಈ ಮೌನವೂ ಬರಲಿ.

ಎಡವುವ ಜಾಗ: ಈ ನೋಟ್‌ಬುಕ್ಕನ್ನು ಆರೋಪ ಪಟ್ಟಿ ಮಾಡಿಕೊಂಡು ಅವರ ಮುಂದೆ ಓದುವುದು. ಬೇಡ. ಇದು ನಿಮಗೆ, ಆಮೇಲೆ ಡಾಕ್ಟರಿಗೆ.

3. ಮಕ್ಕಳಿಗೆ ಏನು ಹೇಳಬೇಕೋ ಅದನ್ನು ಹೇಳಿ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮುಂದೂಡಬೇಡಿ. ಯಾರೂ ಏನೂ ಹೇಳದಿದ್ದಾಗ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ಆ ಕಾರಣ ಹೆಚ್ಚಾಗಿ "ನಾನು ತಪ್ಪು ಮಾಡಿದೆ" ಅನ್ನುವುದೇ.

ಚಿಕ್ಕವರಿಗೆ ಇಷ್ಟು ಸಾಕು: "ತುಂಬಾ ಹಿಂದೆ ಅಪ್ಪನಿಗೆ ಬಹಳ ಹೆದರಿಕೆ ಆಗೋ ವಿಷಯ ನಡೀತು. ಈಗಲೂ ಜೋರು ಸದ್ದು ಕೇಳಿದ್ರೆ ಅವರ ಮೈ ಹೆದರುತ್ತೆ, ಆಗ ಕೂಗ್ತಾರೆ. ಅದು ನಿನ್ನಿಂದ ಆಗಿದ್ದಲ್ಲ. ಅದನ್ನ ಸರಿ ಮಾಡೋದು ನಿನ್ನ ಕೆಲಸ ಅಲ್ಲ, ದೊಡ್ಡವರು ನೋಡ್ಕೋತೀವಿ." ಹದಿಹರೆಯದವರಿಗೆ ಕಾಯಿಲೆಯ ಹೆಸರು ಹೇಳಿ, ಪ್ರಶ್ನೆ ಕೇಳಲು ಬಿಡಿ. ಯುದ್ಧದ ವಿವರ, ಸತ್ತವರ ವಿವರ ಯಾವ ವಯಸ್ಸಿಗೂ ಅತಿಯಾಗಿ ಬೇಡ. ಏನೂ ಹೇಳದ ಮನೆ ಹೇಗೋ, ಮಲಗುವ ಹೊತ್ತಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಮನೆಯೂ ಹಾಗೇ ತೊಂದರೆಯದ್ದು.

ಮಗುವಿನಲ್ಲಿ ಗಮನಿಸಬೇಕಾದ್ದು: ನಿದ್ದೆ ಕೆಡುವುದು, ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ಶಾಲೆಯಲ್ಲಿ ಹೊಡೆದಾಟ. ಇನ್ನೊಂದು, ವಯಸ್ಸಿಗೆ ಮೀರಿದ ಜಾಣತನ. ಎಂಟು ವರ್ಷದ ಹುಡುಗ ಎಲ್ಲರ ಮೂಡ್ ನೋಡಿ ಮನೆ ಸಂಭಾಳಿಸುತ್ತಿದ್ದರೆ ಅದನ್ನು ಹೊಗಳಬೇಡಿ. ಅವನ ಕೈಯಿಂದ ಆ ಕೆಲಸ ತೆಗೆದುಕೊಳ್ಳಿ.

4. ಟ್ರಿಗರ್ ಮತ್ತು ರಾತ್ರಿಗೆ ಮೊದಲೇ ಒಂದು ಪ್ಲ್ಯಾನ್

ಟ್ರಿಗರ್ ಅಂದರೆ ಹಳೆಯ ಭಯವನ್ನು ಥಟ್ಟನೆ ಎಬ್ಬಿಸುವ ವಸ್ತು, ಸದ್ದು, ವಾಸನೆ, ದಿನ. ಪಟಾಕಿ, ಹೆಲಿಕಾಪ್ಟರ್, ಡೀಸೆಲ್ ವಾಸನೆ, ಹಿಂದಿನಿಂದ ಬಂದು ಮುಟ್ಟುವುದು, ಸ್ನೇಹಿತ ಸತ್ತ ತಾರೀಖು. ಅವರು ಸಮಾಧಾನವಾಗಿದ್ದಾಗ "ಯಾವಾಗ ನಿಮಗೆ ಕಷ್ಟ ಆಗುತ್ತೆ, ಆಗ ನಾವು ಏನು ಮಾಡಿದ್ರೆ ಒಳ್ಳೇದು, ಏನು ಮಾಡಬಾರದು?" ಅಂತ ಕೇಳಿ. ಯುದ್ಧದ ಕಥೆಗೆ ಬಾಯಿ ಬಿಡದವರು ಈ ಪ್ರಶ್ನೆಗೆ ಉತ್ತರ ಕೊಡುವ ಸಾಧ್ಯತೆ ಜಾಸ್ತಿ.

ಫ್ಲ್ಯಾಶ್‌ಬ್ಯಾಕ್ ಬಂದರೆ: ಸ್ವಲ್ಪ ದೂರ ನಿಲ್ಲಿ, ಅವರು ಹೊರಗೆ ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಮೆಲುದನಿಯಲ್ಲಿ ನಿಮ್ಮ ಹೆಸರು ಹೇಳಿ, ಎಲ್ಲಿದ್ದಾರೆ ಹೇಳಿ, ಈಗ ಯಾವ ವರ್ಷ ಅಂತ ಹೇಳಿ. "ಅಪ್ಪಾ, ನಾನು ನಿಮ್ಮ ಮಗ. ನಾವು ಮನೇಲಿದ್ದೀವಿ. ಸುತ್ತ ಏನು ಕಾಣ್ತಿದೆ ಹೇಳಿ." ಕಾಣುವ, ಮುಟ್ಟುವ, ಕೇಳುವ ವಸ್ತುಗಳನ್ನು ಹೆಸರಿಸುತ್ತಾ ಹೋದರೆ ಮನಸ್ಸು ಇಲ್ಲಿಗೆ ವಾಪಸ್ ಬರಲು ಸಹಾಯ ಆಗುತ್ತದೆ. ಇದಕ್ಕೆ ಗ್ರೌಂಡಿಂಗ್ ಅನ್ನುತ್ತಾರೆ. ಕೇಳದೆ ಅಪ್ಪಿಕೊಳ್ಳಬೇಡಿ.

ರಾತ್ರಿ ಕೆಟ್ಟ ಕನಸಿನಲ್ಲಿ ಒದ್ದಾಡುತ್ತಿದ್ದರೆ ಮೈ ಹಿಡಿದು ಅಲ್ಲಾಡಿಸಿ ಎಬ್ಬಿಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಅರೆನಿದ್ದೆಯಲ್ಲಿ ಅವರು ಪಕ್ಕದಲ್ಲಿ ಇರುವವರ ಕುತ್ತಿಗೆ ಹಿಡಿಯುವುದು, ಹೊಡೆಯುವುದು ನಿಜವಾಗಿಯೂ ಆಗುತ್ತದೆ. ಕೋಣೆಯ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ, ಲೈಟು ಹಾಕಿ. ಮಕ್ಕಳನ್ನು ಎಬ್ಬಿಸಲು ಕಳಿಸಬೇಡಿ. ಚಿಕ್ಕ ಮಗು ಅದೇ ಹಾಸಿಗೆಯಲ್ಲಿ ಮಲಗುವುದೂ ಬೇಡ.

5. ಮಾತು

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. ಮಾತಾಡಿಸಬೇಕಾದ್ದು ಯುದ್ಧದ ಬಗ್ಗೆ ಅಲ್ಲ, ಈ ವಾರದ ಬಗ್ಗೆ. "ಸೋಮವಾರ ರಾತ್ರಿ ನೀವು ಕೂಗಿದಾಗ ಪುಟ್ಟಿ ಮಂಚದ ಕೆಳಗೆ ಹೋಗಿ ಕೂತಳು. ನನಗೂ ಹೆದರಿಕೆ ಆಯ್ತು. ನಿಮಗೂ ಅದು ಕಷ್ಟ ಅಂತ ಗೊತ್ತು." ಒಂದು ಘಟನೆ, ಅದು ನಿಮಗೆ ಹೇಗಾಯಿತು, ಅಷ್ಟೇ. "ನೀವು ಯಾವಾಗಲೂ ಹೀಗೇ" ಅಂದ ಕೂಡಲೇ ಮಾತು ಮುಗಿಯಿತು.

ಎದುರುಬದುರು ಕೂತು "ಮಾತಾಡಬೇಕು" ಅನ್ನುವುದಕ್ಕಿಂತ ಪಕ್ಕಪಕ್ಕದಲ್ಲಿ ಇರುವಾಗ, ಅಂದರೆ ನಡೆಯುವಾಗ, ಗಾಡಿಯಲ್ಲಿ ಹೋಗುವಾಗ, ಏನೋ ರಿಪೇರಿ ಮಾಡುವಾಗ ಹೇಳುವುದು ಸುಲಭ. ಐದು ನಿಮಿಷ ಸಾಕು. ಅವರು ಎದ್ದು ಹೋದರೆ ಬೆನ್ನು ಹತ್ತಬೇಡಿ.

ಅವರಾಗಿಯೇ ಯುದ್ಧದ ಮಾತು ತೆಗೆದರೆ? ಕೇಳಿ, ಅಷ್ಟೇ. "ಎಷ್ಟು ಜನರನ್ನು ಕೊಂದಿರಿ" ಅಂತ ಯಾವತ್ತೂ ಕೇಳಬೇಡಿ, ಯಾರಾದರೂ ಕೇಳಿದರೆ ತಡೆಯಿರಿ. ಮಧ್ಯೆ ಸಮಾಧಾನ ಹೇಳಲು ಆತುರ ಬೇಡ. "ಅದೆಲ್ಲ ಆಗಿಹೋಯ್ತು, ಮರೆತುಬಿಡಿ" ಅನ್ನುವ ಮಾತು ಕೇಳಿಯೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡಿದ್ದಾರೆ. ನಿಮಗೆ ತಡೆಯಲು ಆಗದಷ್ಟು ವಿವರ ಬಂದರೆ "ಇದನ್ನು ಕೇಳೋಕೆ ನನಗೆ ಸ್ವಲ್ಪ ಕಷ್ಟ ಆಗ್ತಿದೆ, ನಾಳೆ ಮುಂದುವರಿಸೋಣ" ಅನ್ನಬಹುದು. ನಾಳೆ ಖಂಡಿತ ಕೇಳಬೇಕು, ಮತ್ತೆ.

6. ಚಿಕಿತ್ಸೆ

ಮನೋವೈದ್ಯರು (ಸೈಕಿಯಾಟ್ರಿಸ್ಟ್) ಔಷಧ ಬರೆಯುತ್ತಾರೆ. ಮಾತಿನ ಚಿಕಿತ್ಸೆಯನ್ನು ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುತ್ತಾರೆ. ಸುಮ್ನೆ 'ಕೌನ್ಸೆಲಿಂಗ್' ಅಂತ ಹೋಗುವ ಬದಲು "ಯುದ್ಧದ ಆಘಾತಕ್ಕೆ ಚಿಕಿತ್ಸೆ ಮಾಡಿದ ಅನುಭವ ಇದೆಯಾ?" ಅಂತ ಮೊದಲೇ ಕೇಳಿ.

ಚೆನ್ನಾಗಿ ಪರೀಕ್ಷೆಯಾದ ಮಾತಿನ ಚಿಕಿತ್ಸೆಗಳು ಮುಖ್ಯವಾಗಿ ಮೂರು. ಪ್ರೊಲಾಂಗ್ಡ್ ಎಕ್ಸ್‌ಪೋಶರ್: ತಪ್ಪಿಸಿಕೊಳ್ಳುತ್ತಿರುವ ನೆನಪು, ಜಾಗಗಳನ್ನು ತಜ್ಞರ ಜೊತೆ ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು. ಸಿ.ಪಿ.ಟಿ.: "ನನ್ನಿಂದಲೇ ಅವನು ಸತ್ತ" ಅನ್ನುವಂಥ ನಂಬಿಕೆಗಳನ್ನು ಪರೀಕ್ಷಿಸಿ ನೋಡುವುದು, ಸಾಮಾನ್ಯವಾಗಿ 12 ಭೇಟಿಗಳ ಕ್ರಮ. ಇ.ಎಮ್.ಡಿ.ಆರ್.: ನೆನಪನ್ನು ಮನಸ್ಸಿಗೆ ತಂದುಕೊಳ್ಳುತ್ತಾ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುವ ವಿಧಾನ. ವಿಚಿತ್ರ ಅನ್ನಿಸಿದರೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ವಿಧಾನಗಳಲ್ಲಿ ಇದೂ ಇದೆ. ದಂಪತಿ ಒಟ್ಟಿಗೆ ಹೋಗುವ ಚಿಕಿತ್ಸೆಯೂ ಉಂಟು.

ಔಷಧಗಳಲ್ಲಿ ಸರ್ಟ್ರಲೀನ್, ಪ್ಯಾರಾಕ್ಸೆಟೀನ್ ಥರದವು ಬಳಕೆಯಲ್ಲಿವೆ. ಗುಣ ಕಾಣಲು ವಾರಗಳು ಬೇಕು, ಹತ್ತು ದಿನಕ್ಕೆ ಕೈ ಬಿಡಬೇಡಿ. ನಿದ್ದೆಗೆ ಅಂತ ವರ್ಷಗಟ್ಟಲೆ ಬೆಂಜೊಡಯಾಜೆಪೈನ್ ಜಾತಿಯ ಮಾತ್ರೆ (ಅಲ್ಪ್ರಜೋಲಾಮ್, ಡಯಾಜೆಪಾಮ್) ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಮಾರ್ಗಸೂಚಿ ಈ ಕಾಯಿಲೆಗೆ ಅವು ಬೇಡ ಅನ್ನುತ್ತದೆ. ಆದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದ ಫಿಟ್ಸ್ ಬರುವ ಅಪಾಯ ಇದೆ.

ಅವರು ಬರಲ್ಲ ಅಂದರೆ "ನಿದ್ದೆಗೆ ಏನಾದರೂ ಮಾಡಬಹುದಾ ಕೇಳೋಣ" ಅಂತ ಹೇಳಿ ಕರೆದುಕೊಂಡು ಹೋಗಿ. ಇದು ಸುಳ್ಳಲ್ಲ, ನಿದ್ದೆ ನಿಜಕ್ಕೂ ಸಮಸ್ಯೆಯೇ ಅಲ್ವಾ. ಆಗಲೂ ಬರದಿದ್ದರೆ ನೀವೇ ಹೋಗಿ. ಮನೆಯವರು ಮಾತ್ರ ಹೋದರೂ ಉಪಯೋಗ ಇದೆ. ಗೊತ್ತಾಗದ ಹಾಗೆ ಮಾತ್ರೆ ಬೆರೆಸಿ ಕೊಡುವ ಯೋಚನೆ ಕೆಲವರಿಗೆ ಬರುತ್ತದೆ. ಬೇಡವೇ ಬೇಡ. ಯಾರನ್ನೂ ನಂಬಬಾರದು ಅಂತ ಯುದ್ಧ ಕಲಿಸಿದವರಿಗೆ ಅದು ಗೊತ್ತಾದರೆ ಆಮೇಲೆ ಏನು ಮಾಡಿದರೂ ನಂಬಿಕೆ ವಾಪಸ್ ಬರುವುದು ಕಷ್ಟ.

7. ಗೆರೆ ಎಳೆಯುವುದು

ಕಾಯಿಲೆ ಸಿಟ್ಟಿಗೆ ಕಾರಣ ಹೇಳುತ್ತದೆ, ಹೊಡೆಯಲು ಪರವಾನಗಿ ಕೊಡುವುದಿಲ್ಲ. ಈ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ ಅನ್ನುವುದೂ ನೆನಪಿರಲಿ.

ಹೊಡೆತ ಇದ್ದರೆ: ಮಕ್ಕಳ ಜೊತೆ ಹೋಗಲು ಒಂದು ಜಾಗ ಮೊದಲೇ ಮಾತಾಡಿಟ್ಟುಕೊಳ್ಳಿ, ದಾಖಲೆ, ದುಡ್ಡು, ಔಷಧ ಒಂದೇ ಕಡೆ ಇಡಿ, ಅಪಾಯ ಅನ್ನಿಸಿದಾಗ ವಾದ ಮಾಡದೆ ಹೊರಡಿ. ಸಾಯುವ ಮಾತು ಬಂದರೆ "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ಭಯ. ಒಬ್ಬರೇ ಬಿಡಬೇಡಿ, ಸಹಾಯವಾಣಿಗೆ ಫೋನ್ ಮಾಡಿ. ಬಂದೂಕು, ಹೆಚ್ಚುವರಿ ಮಾತ್ರೆಗಳು, ಕೀಟನಾಶಕ ಮನೆಯಿಂದ ಆಚೆ ಹೋಗಲಿ. ಕುಡಿತ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿದ್ದೆಗಾಗಿ, ನೆನಪು ಅಳಿಸಲು ಕುಡಿಯುವವರು ಬಹಳ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬಹುದು, "ಮೊದಲು ಕುಡಿತ ಬಿಡಲಿ" ಅಂತ ಕಾಯುತ್ತಾ ಕೂರಬೇಕಿಲ್ಲ.

8. ಹೊಂದಾಣಿಕೆಗಳನ್ನು ಒಂದೊಂದಾಗಿ ಬಿಚ್ಚುವುದು

ನೋಟ್‌ಬುಕ್ಕಿಗೆ ವಾಪಸ್ ಬನ್ನಿ. ಮಕ್ಕಳು ಬೆಲೆ ತೆರುತ್ತಿರುವ, ಆದರೆ ಬಿಟ್ಟರೆ ದೊಡ್ಡ ಅಪಾಯವಿಲ್ಲದ ಒಂದನ್ನು ಆರಿಸಿ. ಉದಾಹರಣೆಗೆ ಗಂಟೆಗೊಮ್ಮೆ ಫೋನ್ ಮಾಡುವುದು. ಗುಟ್ಟಾಗಿ ನಿಲ್ಲಿಸಬೇಡಿ. "ಇನ್ಮೇಲೆ ತಲುಪಿದಾಗ ಒಂದು ಮೆಸೇಜು, ಹೊರಡುವಾಗ ಒಂದು ಮೆಸೇಜು ಮಾಡ್ತಾಳೆ" ಅಂತ ಮೊದಲೇ ಹೇಳಿ. ಮೊದಲ ಕೆಲವು ದಿನ ಅವರ ಚಡಪಡಿಕೆ ಹೆಚ್ಚಾಗುತ್ತದೆ. ಸೋಲು ಅಂತ ಅಂದುಕೊಂಡು ಅಲ್ಲೇ ಹಿಂದೆ ಸರಿದರೆ, 'ಇನ್ನೂ ಜೋರು ಮಾಡಿದರೆ ಹಳೆಯದು ವಾಪಸ್ ಬರುತ್ತದೆ' ಅಂತ ಅವರಿಗೆ ಕಲಿಸಿದ ಹಾಗೆ ಆಗುತ್ತದೆ. ಆ ಹೊಸ ನಿಯಮ ನೆಲೆಯಾದ ಮೇಲೆ ಇನ್ನೊಂದು. ಎಲ್ಲವನ್ನೂ ಬಿಚ್ಚಬೇಕಿಲ್ಲ. ಪಟಾಕಿ ಸದ್ದಿನ ರಾತ್ರಿ ಊರಾಚೆ ಹೋಗಿರುವುದು, ಗೋಡೆಗೆ ಬೆನ್ನು ಕೊಟ್ಟು ಕೂರುವ ಕುರ್ಚಿ ಅವರಿಗೇ ಬಿಡುವುದು, ಇವುಗಳಿಂದ ಯಾರಿಗೂ ನಷ್ಟವಿಲ್ಲ. ಇರಲಿ ಬಿಡಿ.

9. ನಿಮ್ಮ ಪಾಲು

"ಇದು ನನಗೂ ರಕ್ತದಲ್ಲಿ ಬಂದಿದೆಯಾ?" ಅಂತ ದೊಡ್ಡ ಮಕ್ಕಳು ಕೇಳುತ್ತಾರೆ. ನಾಜಿ ಹತ್ಯಾಕಾಂಡದಲ್ಲಿ ಬದುಕುಳಿದವರ ಮಕ್ಕಳ ಬಗ್ಗೆ 1966ರಲ್ಲೇ ಕೆನಡಾದ ಮನೋವೈದ್ಯ ವಿವಿಯನ್ ರೇಕಾಫ್ ಬರೆದಿದ್ದರು. ನ್ಯೂಯಾರ್ಕಿನ ಸಂಶೋಧಕಿ ರೇಚಲ್ ಯೆಹೂದಾ ತಂಡದ ಅಧ್ಯಯನ ಬಂದ ಮೇಲೆ "ಆಘಾತ ವಂಶವಾಹಿಯಲ್ಲೇ ಇಳಿಯುತ್ತದೆ" ಅಂತ ಸುದ್ದಿಯಾಯಿತು. ಆ ಅಧ್ಯಯನದಲ್ಲಿ ಇದ್ದದ್ದು ಬದುಕುಳಿದ 32 ಜನ ಮತ್ತು ಅವರ 22 ಮಕ್ಕಳು ಮಾತ್ರ. ಅಷ್ಟರಿಂದ ನಿಮ್ಮ ಹಣೆಬರಹ ಓದಲಾಗದು. ಇನ್ನೊಂದು ಕಡೆ, ಅಂಥ ಕುಟುಂಬಗಳ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2003ರ ವಿಶ್ಲೇಷಣೆಯಲ್ಲಿ, ಚಿಕಿತ್ಸೆಗೆ ಬಂದವರನ್ನು ಬಿಟ್ಟು ಸಾಮಾನ್ಯ ಜನರಲ್ಲಿ ನೋಡಿದಾಗ ಮಕ್ಕಳಿಗೆ ಆಘಾತ ದಾಟಿದ್ದಕ್ಕೆ ಪುರಾವೆ ಸಿಗಲಿಲ್ಲ.

ಹಾಗಂತ ನಿಮಗೆ ಏನೂ ಆಗಿಲ್ಲ ಅಂತಲ್ಲ. ಯಾರದೋ ಹೆಜ್ಜೆ ಸದ್ದು ಕೇಳಿ ಎದೆ ಹೊಡೆದುಕೊಳ್ಳುವುದು, ಆಫೀಸಿನಲ್ಲಿ ಬಾಸ್ ಮುಖ ಗಂಟಿಕ್ಕಿದರೆ ನನ್ನದೇ ತಪ್ಪು ಅನ್ನಿಸುವುದು, ನಿಮ್ಮ ಮಕ್ಕಳ ಜೊತೆ ಆಡುವಾಗ ಎಲ್ಲೋ ಗೈರಾಗುವುದು, ಇವು ಆ ಮನೆಯಲ್ಲಿ ಕಲಿತ ಅಭ್ಯಾಸಗಳು. ಇವಕ್ಕೆ ನಿಮಗೇ ಬೇರೆ ಒಬ್ಬ ಥೆರಪಿಸ್ಟ್ ಇರಲಿ, ಅಪ್ಪನನ್ನೋ ಅಮ್ಮನನ್ನೋ ನೋಡುತ್ತಿರುವವರೇ ಬೇಡ. ಅವರು ಚಿಕಿತ್ಸೆಗೆ ಒಪ್ಪುವವರೆಗೂ ಕಾಯಬೇಡಿ, ಅವರು ತೀರಿಕೊಂಡಿದ್ದರೂ ತಡವಾಯಿತು ಅಂದುಕೊಳ್ಳಬೇಡಿ.

ಅವರಿಗೆ ಈಗ ವಯಸ್ಸಾಗಿ ಮರೆವಿನ ಕಾಯಿಲೆ ಶುರುವಾಗಿದ್ದರೆ ಒಂದು ವಿಷಯ: ಹತ್ತಿರದ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಸ್ನಾನ ಮಾಡಿಸಲು ಬಂದವರನ್ನು ಶತ್ರು ಅಂದುಕೊಂಡು ಹೊಡೆದರೆ ಅದು ಹಟವಲ್ಲ. ಆರೈಕೆ ಮಾಡುವ ನರ್ಸ್‌ಗೆ, ಆಸ್ಪತ್ರೆಗೆ ಸೇರಿಸಿದರೆ ಅಲ್ಲಿನವರಿಗೆ "ಇವರು ಯುದ್ಧ ಕಂಡವರು, ಹಿಂದಿನಿಂದ ಮುಟ್ಟಬೇಡಿ, ಕಟ್ಟಿ ಹಾಕಬೇಡಿ, ಮುಂದೆ ಬಂದು ಹೆಸರು ಹೇಳಿ ಮಾತಾಡಿಸಿ" ಅಂತ ಒಂದು ಚೀಟಿಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿ.